ಅಜ್ಜಿಯರಿರುವ ಮಕ್ಕಳ ಮನೆ

ಪೂರ್ವ ಆಫ್ರಿಕಾದಲ್ಲಿ ಧರ್ಮಸಂಸ್ಥೆಗಳು ನಡೆಸುವ ಮಕ್ಕಳ ಮನೆಗಳ ಹಾದಿ ಹಿಡಿದು ಹೊರಟವರು ಮೊಂಬಾಸಾದಿಂದ ಶುರುಮಾಡುವುದು ಸರಿ. ದ್ವೀಪದಿಂದ ಉತ್ತರಕ್ಕೆ ಸೇತುವೆ ದಾಟಿ ನ್ಯಾಲಿಯ ಕಡೆ ಬಂದರೆ, ಮಟಾಟು ವ್ಯಾನುಗಳೂ ಟುಕ್‌ಟುಕ್‌ಗಳೂ ಮುಗಿಬೀಳುವ ಕವಲೊಂದರಲ್ಲಿ ಹಳೆಯ ಗಂಟೆ ಹೊತ್ತ ಕಮಾನು ನಿಂತಿದೆ. ಸುತ್ತ ಮೊಬೈಲ್ ಅಂಗಡಿಗಳು, ಎಳನೀರಿನ ಗಾಡಿಗಳು, ಹುರಿದ ಮರಗೆಣಸಿನ ವಾಸನೆ. ಇದು ಫ್ರೀರ್‌ಟೌನಿನ ಗಂಟೆ. ಗುಲಾಮರನ್ನು ಹಿಡಿಯುವವರು ದಡಕ್ಕೆ ಬಂದರೆ ಎಚ್ಚರಿಸಲು ಇದನ್ನು ಬಾರಿಸುತ್ತಿದ್ದರು ಎಂದು ಊರವರು ಹೇಳುತ್ತಾರೆ.

ಫ್ರೀರ್‌ಟೌನ್ ಹುಟ್ಟಿದ್ದು 1870ರ ದಶಕದ ನಡುವೆ. ಕಡಲಿನಲ್ಲಿ ಗುಲಾಮರ ಹಡಗುಗಳನ್ನು ತಡೆದ ಬ್ರಿಟಿಷ್ ನೌಕಾಪಡೆ ಬಿಡಿಸಿ ತಂದವರಿಗಾಗಿ ಚರ್ಚ್ ಮಿಷನರಿ ಸೊಸೈಟಿ ಕಟ್ಟಿದ ವಸಾಹತು ಇದು. ಹೆಸರು ಬಂದದ್ದು ಬಾರ್ಟ್ಲ್ ಫ್ರೀರ್‌ನಿಂದ. 1873ರಲ್ಲಿ ಜಾಂಜಿಬಾರಿನ ಗುಲಾಮರ ಸಂತೆ ಮುಚ್ಚಿಸಿದ ಒಪ್ಪಂದದ ಹಿಂದೆ ಅವನ ಓಡಾಟವಿತ್ತು. ಅದಕ್ಕೂ ಮೊದಲು, 1862ರಿಂದ 1867ರವರೆಗೆ, ಅವನು ಮುಂಬಯಿ ಪ್ರಾಂತ್ಯದ ಗವರ್ನರ್. ಧಾರವಾಡವೂ ಬೆಳಗಾವಿಯೂ ಆಗ ಅವನ ಆಡಳಿತದ ಕೆಳಗೇ ಇದ್ದವು. ವಸಾಹತನ್ನು ಮೊದಲು ನಡೆಸಿದ ಪಾದ್ರಿ ವಿಲಿಯಂ ಸಾಲ್ಟರ್ ಪ್ರೈಸ್ ಕೂಡ ಭಾರತದಿಂದಲೇ ಹೋದವನು. ನಾಸಿಕದ ಬಳಿ ಶರಣಪುರದಲ್ಲಿ ಬಿಡುಗಡೆಯಾದ ಆಫ್ರಿಕನ್ ಮಕ್ಕಳಿಗೆ ಅವನು ಆಶ್ರಮ ನಡೆಸುತ್ತಿದ್ದ. ಅಲ್ಲಿ ಓದು ಬರಹದ ಜೊತೆಗೆ ಬಡಗಿ ಕೆಲಸ, ಕಮ್ಮಾರಿಕೆ ಕಲಿಸುತ್ತಿದ್ದರು. ಆಫ್ರಿಕಾದ ಅನ್ವೇಷಕ ಲಿವಿಂಗ್‌ಸ್ಟನ್ನನ ಪಾರ್ಥಿವ ಶರೀರದ ಜೊತೆ 1874ರಲ್ಲಿ ಲಂಡನ್ನಿಗೆ ಹೋದ ಜೇಕಬ್ ವೇನ್‌ರೈಟ್ ಆ ಶಾಲೆಯ ಹುಡುಗ. ನಾಸಿಕದಲ್ಲಿ ಬೆಳೆದ ಹಲವರು ಮುಂದೆ ಮೊಂಬಾಸಾಕ್ಕೆ ಮರಳಿ ಫ್ರೀರ್‌ಟೌನಿನಲ್ಲೂ ಹತ್ತಿರದ ರಬಾಯಿಯಲ್ಲೂ ಉಪದೇಶಿಗಳಾದರು, ಮೇಷ್ಟರಾದರು.

ಮಲಗಲು ಸಾಲುಮನೆ, ಗಂಟೆ ಹೊಡೆದಂತೆ ಪ್ರಾರ್ಥನೆ, ಶಾಲೆ, ಕಾರ್ಯಾಗಾರ, ಹೊಸ ಧರ್ಮ, ಹೊಸ ಹೆಸರು: ಮಕ್ಕಳ ಮನೆಯ ಅಚ್ಚು ಅಲ್ಲೇ ತಯಾರಾಯಿತು. ಆ ಅಚ್ಚಿಗೆ ಆಗ ಕಾರಣವೂ ಇತ್ತು. ಒಳನಾಡಿನಲ್ಲಿ ಹಿಡಿದು ತಂದ ಮಗುವಿಗೆ ತನ್ನ ಊರಿನ ದಾರಿ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೋಗುವುದು ಕ್ಷೇಮವಾಗಿರಲಿಲ್ಲ. ತೊಡಕಾದದ್ದು ನಂತರ. ಗುಲಾಮರ ವ್ಯಾಪಾರ ನಿಂತು ನೂರು ವರ್ಷವಾದ ಮೇಲೂ, ಎರಡು ಗುಡ್ಡ ಆಚೆ ಅಜ್ಜಿ ಇರುವ ಮಗುವನ್ನೂ ಅದೇ ಅಚ್ಚಿಗೆ ಹಾಕುವುದು ಮುಂದುವರಿಯಿತು.

ಮೊಂಬಾಸಾದಿಂದ ನೈರೋಬಿಗೆ ಹೋಗುವ ರೈಲು ತ್ಸಾವೋದ ಕೆಂಪು ನೆಲವನ್ನು ಸೀಳಿಕೊಂಡು ಓಡುತ್ತದೆ. ಕಿಟಕಿಯಿಂದ ಕಾಣುವ ಆನೆಗಳ ಮೈಯೂ ಅದೇ ಮಣ್ಣಿನ ಬಣ್ಣ. 1896ರಿಂದ 1901ರವರೆಗೆ ಭಾರತದ ಕೂಲಿಗಳು ಹಾಕಿದ ಹಳೆಯ ಹಳಿ ಅಲ್ಲಲ್ಲಿ ಹೊಸ ಹಳಿಯ ಪಕ್ಕಕ್ಕೇ ಬಂದು ಮತ್ತೆ ದೂರ ಸರಿಯುತ್ತದೆ. ನೈರೋಬಿಯ ಹೊರವಲಯದ ಕ್ಯಾರೆನ್‌ನಲ್ಲಿ, ಎತ್ತರದ ಮರಗಳ ನೆರಳಿನಲ್ಲಿ, ನ್ಯುಂಬಾನಿ ಎಂಬ ಮಕ್ಕಳ ಮನೆ ಇದೆ. 1992ರಲ್ಲಿ ಇದನ್ನು ಕಟ್ಟಿದವರು ಅಮೆರಿಕದ ಜೆಸ್ವಿಟ್ ಪಾದ್ರಿ, ವೃತ್ತಿಯಿಂದ ವೈದ್ಯರೂ ಆಗಿದ್ದ ಆಂಜೆಲೊ ಡಿ'ಅಗೊಸ್ಟಿನೊ. ಅವರ ಜೊತೆ ನಿಂತವರು ಐರ್ಲೆಂಡಿನ ಲೊರೆಟೊ ಭಗಿನಿ ಮೇರಿ ಓವೆನ್ಸ್.

ಆ ಕಾಲದಲ್ಲಿ ಎಚ್‌ಐವಿ ಎಂಬ ಮಾತು ಕೇಳಿದರೆ ಅನಾಥಾಲಯಗಳೂ ಬಾಗಿಲು ಹಾಕಿಕೊಳ್ಳುತ್ತಿದ್ದವು. ಆಸ್ಪತ್ರೆಯಲ್ಲಿ ಬಿಟ್ಟುಹೋದ ಕೂಸಿನ ರಕ್ತಪರೀಕ್ಷೆಯಲ್ಲಿ ಸೋಂಕು ಎಂದು ಬಂದರೆ ಅದರ ಹಣೆಬರಹ ಮುಗಿದಂತೆ. ಆದರೆ ಆ ಪರೀಕ್ಷೆ ಹುಡುಕುತ್ತಿದ್ದುದು ಪ್ರತಿಕಾಯಗಳನ್ನು. ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನ ಮೈಯಲ್ಲಿ ಹದಿನೆಂಟು ತಿಂಗಳವರೆಗೂ ಉಳಿಯಬಲ್ಲವು. ಚಿಕಿತ್ಸೆಯೇ ಇಲ್ಲದಿದ್ದರೂ ಸೋಂಕಿತ ತಾಯಂದಿರ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ವೈರಾಣು ತಗಲುವುದಿಲ್ಲ. ಹಾಲು, ಆರೈಕೆ, ತಾಳ್ಮೆ ಇದ್ದರೆ ಆ ಕೂಸುಗಳಲ್ಲಿ ಬಹಳಷ್ಟು ಒಂದೂವರೆ ವರ್ಷಕ್ಕೆ ಸೋಂಕಿಲ್ಲದವು ಎಂದು ತಿಳಿದು ಸಾಕುಮನೆಗಳಿಗೆ ಹೋಗಬಹುದಿತ್ತು. ಉಳಿದವರಿಗೆ ಔಷಧ ಬೇಕಿತ್ತು. ಅದರ ಬೆಲೆ ಒಬ್ಬರಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರ್ ದಾಟಿತ್ತು. ಹಾಗಾಗಿ ಆ ವರ್ಷಗಳಲ್ಲಿ ಮಕ್ಕಳ ಮನೆ ನಡೆಸುವುದೆಂದರೆ ಗೋರಿ ತೋಡುವುದನ್ನೂ ನಿಭಾಯಿಸುವುದಾಗಿತ್ತು.

ಕೆನ್ಯಾ ಸರ್ಕಾರ 1999ರಲ್ಲಿ ಏಡ್ಸನ್ನು ರಾಷ್ಟ್ರೀಯ ವಿಪತ್ತು ಎಂದು ಸಾರಿತು. 2001ರ ಫೆಬ್ರುವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪನಿ ಮೂರು ಔಷಧಗಳ ಸಂಯೋಜನೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುವುದಾಗಿ ಘೋಷಿಸಿತು. ಪೇಟೆಂಟಿನ ತಕರಾರು ಏನೇ ಇರಲಿ, ಭಾರತದಿಂದ ಅಗ್ಗದ ಔಷಧ ತರಿಸುತ್ತೇವೆ ಎಂದು ಬಹಿರಂಗವಾಗಿ ಹೇಳಿದವರಲ್ಲಿ ನ್ಯುಂಬಾನಿಯ ಪಾದ್ರಿಯೂ ಒಬ್ಬರು. ಅದೇ ವರ್ಷ ಕೆನ್ಯಾದ ಸಂಸತ್ತು ಅಂಥ ಆಮದಿಗೆ ದಾರಿ ಬಿಡುವ ಕಾಯ್ದೆ ಮಾಡಿತು. ಔಷಧ ಬಂದ ಮೇಲೆ ಮಕ್ಕಳು ಬದುಕಿದರು. ಬದುಕಿದವರಿಗೆ ಶಾಲೆ ಬೇಕಾಯಿತು. ಸರ್ಕಾರಿ ಶಾಲೆಗಳು ಸೇರಿಸಿಕೊಳ್ಳದಿದ್ದಾಗ ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. 2004ರ ಜನವರಿಯಲ್ಲಿ ಸರ್ಕಾರ ಪ್ರವೇಶ ಕೊಡಲು ಒಪ್ಪಿತು.

ಇದೇ ಸಂಸ್ಥೆಯ ಇನ್ನೊಂದು ಕೆಲಸಕ್ಕೆ ಹೊರಗಿನವರು ಅಷ್ಟಾಗಿ ಗಮನ ಕೊಡುವುದಿಲ್ಲ. 1998ರಲ್ಲಿ ಲೆಯಾ ಟೋಟೊ ಎಂಬ ಯೋಜನೆಯಡಿ ನೈರೋಬಿಯ ಕೊಳೆಗೇರಿಗಳಲ್ಲಿ, ತಾಯಿಯ, ಚಿಕ್ಕಮ್ಮನ, ಅಜ್ಜಿಯ ತಗಡಿನ ಮನೆಯಲ್ಲೇ ಇರುವ ಸೋಂಕಿತ ಮಕ್ಕಳಿಗೆ ಔಷಧ, ಆಹಾರ, ಆಪ್ತಸಮಾಲೋಚನೆ ತಲುಪಿಸುವುದು ಆರಂಭವಾಯಿತು. ಕ್ಯಾರೆನ್‌ನ ಆವರಣದೊಳಗಿರುವ ಮಕ್ಕಳು ನೂರರ ಆಸುಪಾಸು. ಲೆಯಾ ಟೋಟೊ ತಲುಪಿದ ಮಕ್ಕಳದು ಸಾವಿರಗಳ ಲೆಕ್ಕ. ಸೂರು ಕೊಡುವುದಕ್ಕಿಂತ ಇರುವ ಸೂರನ್ನು ಗಟ್ಟಿಮಾಡುವುದರಿಂದ ಎಷ್ಟೋ ಪಟ್ಟು ಹೆಚ್ಚು ಮಕ್ಕಳಿಗೆ ನೆರವಾಗಬಹುದು ಎಂಬುದಕ್ಕೆ ಅದೇ ಸಂಸ್ಥೆಯ ಪುಸ್ತಕದಲ್ಲಿ ಸಾಕ್ಷಿ ಇದೆ.

ನೈರೋಬಿಯಿಂದ ಪೂರ್ವಕ್ಕೆ, ಮಚಾಕೋಸ್ ದಾಟಿದ ಮೇಲೆ, ಹಸಿರು ತೆಳುವಾಗುತ್ತ ಹೋಗುತ್ತದೆ. ಮರಗೆತ್ತನೆಗೆ ಹೆಸರಾದ ವಾಮುನ್ಯುವಿನಲ್ಲಿ ರಸ್ತೆ ಬದಿಗೆ ಜಿರಾಫೆ, ಆಂಟಿಲೋಪ್ ಬೊಂಬೆಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಅಥಿ ನದಿ ದಾಟಿದರೆ ಕಿಟುಯಿ ಕೌಂಟಿ. ಎದುರಿಗೆ ಯಟ್ಟಾ ಪ್ರಸ್ಥಭೂಮಿ. ಸುಮಾರು 300 ಕಿ.ಮೀ. ಉದ್ದಕ್ಕೆ ಲಾವಾ ಹರಿದು ಗಟ್ಟಿಯಾದ ಈ ದಿಬ್ಬದ ಬೆನ್ನು ಕತ್ತರಿಸಿಟ್ಟಷ್ಟು ಸಮ. ಜಾಲಿಮರ, ಕಳ್ಳಿ, ಅಲ್ಲೊಂದು ಇಲ್ಲೊಂದು ದಪ್ಪ ಹೊಟ್ಟೆಯ ಬಾವೊಬಾಬ್. ಇದು ಕಾಂಬಾ ಜನರ ಸೀಮೆ. ವರ್ಷಕ್ಕೆ ಎರಡು ಮಳೆ: ಮಾರ್ಚಿನಿಂದ ಮೇ ತನಕ ಒಂದು, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಂದು. ರೈತರು ನಂಬುವುದು ಎರಡನೆಯದನ್ನೇ. ಅದೂ ಕೈಕೊಟ್ಟ ವರ್ಷ ಗಂಡಸರು ನೈರೋಬಿಗೋ ಮೊಂಬಾಸಾಕ್ಕೋ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿಯ ಪಾಲಾಗುತ್ತಾರೆ.

ಇಲ್ಲಿ ಮಕ್ಕಳ ಮನೆ ನಡೆಸುವುದೆಂದರೆ ಮೊದಲು ನೀರು ಹೊಂದಿಸುವುದು. ಹೊಳೆ ಎಂದು ತೋರಿಸುವ ಜಾಗದಲ್ಲಿ ವರ್ಷದ ಬಹುಭಾಗ ಬರೀ ಮರಳು. ಆ ಮರಳಿಗೇ ಕೆಲಸ ಕೊಡುವ ಉಪಾಯ ಕಿಟುಯಿ, ಮಚಾಕೋಸ್, ಮಕುವೆನಿಗಳಲ್ಲಿ ಚೆನ್ನಾಗಿ ಬೇರೂರಿದೆ. ಹೊಳೆಯ ಬಂಡೆಪಾತ್ರಕ್ಕೆ ಅಡ್ಡವಾಗಿ ಕಲ್ಲು ಕಾಂಕ್ರೀಟಿನ ಗೋಡೆ ಕಟ್ಟುತ್ತಾರೆ. ಒಂದೆರಡು ಮಳೆಗಾಲದ ಪ್ರವಾಹ ಗೋಡೆಯ ಹಿಂದೆ ಮರಳು ತುಂಬುತ್ತದೆ. ಒರಟು ಮರಳು ತನ್ನ ಗಾತ್ರದ ಕಾಲುಭಾಗದಿಂದ ಐದರಲ್ಲೆರಡು ಭಾಗದವರೆಗೂ ನೀರು ಹಿಡಿದಿಡಬಲ್ಲದು. ಒಳಗೆ ಅಡಗಿದ ಆ ನೀರನ್ನು ಬಿಸಿಲು ಸುಲಭವಾಗಿ ಹೀರುವುದಿಲ್ಲ, ಸೊಳ್ಳೆ ಅದರಲ್ಲಿ ಮೊಟ್ಟೆ ಇಡುವುದಿಲ್ಲ, ಮರಳೇ ಅದನ್ನು ಸೋಸುತ್ತದೆ. ಬೆಳಗಿನ ಹೊತ್ತು ಇಪ್ಪತ್ತು ಲೀಟರಿನ ಹಳದಿ ಕ್ಯಾನುಗಳನ್ನು ಎರಡೂ ಮಗ್ಗುಲಿಗೆ ಹೇರಿಸಿಕೊಂಡ ಕತ್ತೆಗಳು ಸಾಲುಗಟ್ಟಿ ನಿಲ್ಲುತ್ತವೆ. ಹುಡುಗಿಯೊಬ್ಬಳು ಮೊಣಕೈ ಆಳದ ಗುಂಡಿಯಲ್ಲಿ ಒಸರುವ ನೀರನ್ನು ಸೋರೆ ಬುರುಡೆಯ ಚಿಪ್ಪಿನಿಂದ ಗೋರಿ, ಮೊದಲೆರಡು ಚಿಪ್ಪು ಹೊರಗೆ ಚೆಲ್ಲಿ, ಮೂರನೆಯದನ್ನು ಕ್ಯಾನಿಗೆ ಹುಯ್ಯುತ್ತಾಳೆ. ಒಂದು ಕ್ಯಾನು ತುಂಬಲು ಹಿಡಿಯುವ ಹೊತ್ತು ನೋಡಿದವರಿಗೆ, ನೂರಾರು ಮಕ್ಕಳ ಸ್ನಾನ, ಬಟ್ಟೆ, ಅಡುಗೆ ಎಂಬ ಮಾತಿನ ಭಾರ ತಿಳಿಯುತ್ತದೆ.

ಕ್ವಾ ವೊಂಜಾದ ಬಳಿ, ಸ್ಥಳೀಯ ಆಡಳಿತ ಕೊಟ್ಟ ಸುಮಾರು ಸಾವಿರ ಎಕರೆ ಕುರುಚಲು ನೆಲದಲ್ಲಿ, ನ್ಯುಂಬಾನಿ ಗ್ರಾಮ ಹುಟ್ಟಿತು. ಡಿ'ಅಗೊಸ್ಟಿನೊ 2006ರ ನವೆಂಬರಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಮೊದಲ ಕುಟುಂಬಗಳು ಅಲ್ಲಿ ನೆಲೆಸಿದ್ದವು. ಏಡ್ಸ್ ನಡುವಿನ ತಲೆಮಾರನ್ನು ಕೊಂಡೊಯ್ದಿತ್ತು. ಉಳಿದವರು ಮಕ್ಕಳನ್ನು ಕಳೆದುಕೊಂಡ ಮುದುಕರು, ಹೆತ್ತವರನ್ನು ಕಳೆದುಕೊಂಡ ಮೊಮ್ಮಕ್ಕಳು. ಈ ಇಬ್ಬರನ್ನೂ ಒಂದೇ ಸೂರಿನಡಿ ಇರಿಸುವುದೇ ಗ್ರಾಮದ ಯೋಜನೆ. ಸಾಲುಮನೆ ಇಲ್ಲ, ವಾರ್ಡನ್ ಇಲ್ಲ. ನಾಲ್ಕು ನಾಲ್ಕು ಮನೆಗಳ ಗುಂಪು, ಒಂದೊಂದು ಮನೆಗೆ ಒಬ್ಬ ಅಜ್ಜಿ ಅಥವಾ ಅಜ್ಜ, ಅವರ ಸ್ವಂತ ಮೊಮ್ಮಕ್ಕಳ ಜೊತೆಗೆ ಯಾರೂ ಇಲ್ಲದ ಮಕ್ಕಳು ಸೇರಿ ಹತ್ತರ ಹತ್ತಿರ. ಶಾಲೆ, ಚಿಕಿತ್ಸಾಲಯ, ಕಸುಬು ಕಲಿಸುವ ಕೇಂದ್ರ, ಹೊಲ, ಮರದ ತೋಪು ಎಲ್ಲವೂ ಗ್ರಾಮದ ಒಳಗೇ. ಕಾಂಬಾ ಮಕ್ಕಳು ಅಜ್ಜಿಯನ್ನು ಸುಸು ಎನ್ನುತ್ತಾರೆ. ಇಲ್ಲಿ ಪಕ್ಕದ ಮನೆಯ ಮುದುಕಿಯೂ ಸುಸುವೇ.

ಹೊತ್ತು ಮೂಡುವ ಮೊದಲೇ ಒಲೆ ಹೊತ್ತುತ್ತದೆ. ಬೆಳಗಿಗೆ ಉಜಿ: ಮೆಕ್ಕೆಜೋಳದ ಹಿಟ್ಟಿಗೆ ರಾಗಿ ಹಿಟ್ಟು ಬೆರೆಸಿ ಕಾಯಿಸಿದ ತೆಳು ಗಂಜಿ. ಅಂಬಲಿ ಕುಡಿದು ಬೆಳೆದ ಹಳೆ ಮೈಸೂರಿನವರಿಗೆ ಆ ಲೋಟದಲ್ಲಿ ಹೊಸದೇನೂ ಇಲ್ಲ. ರಾಗಿಯೇ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದ ಎತ್ತರದ ನೆಲದಿಂದ ಭಾರತಕ್ಕೆ ಬಂದ ಧಾನ್ಯ. ಮಧ್ಯಾಹ್ನಕ್ಕೆ ಮುಥೊಕೊಯಿ. ಮೆಕ್ಕೆಜೋಳವನ್ನು ಮರದ ಒರಳಿಗೆ ಹಾಕಿ, ತುಸು ನೀರು ಚಿಮುಕಿಸಿ, ಒನಕೆಯಿಂದ ಕುಟ್ಟಿ ಸಿಪ್ಪೆ ತೆಗೆದು, ತೊಗರಿಯದೋ ಹುರುಳಿಕಾಯಿ ಬೀಜದ್ದೋ ಜೊತೆ ಗಂಟೆಗಟ್ಟಲೆ ಬೇಯಿಸಬೇಕು. ರಾತ್ರಿಗೆ ಉಗಾಲಿ ಎಂಬ ಮೆಕ್ಕೆಜೋಳದ ಮುದ್ದೆ, ಜೊತೆಗೆ ಸುಕುಮಾ ಸೊಪ್ಪಿನ ಪಲ್ಯ ಅಥವಾ ಅಲಸಂದೆ ಎಲೆ. ಅಜ್ಜಿ ಉಗಾಲಿಯನ್ನು ಮರದ ಕೋಲಿನಿಂದ ತಿರುವುವಾಗ ಪಾತ್ರೆ ಅಲುಗದಂತೆ ದೊಡ್ಡ ಹುಡುಗನೊಬ್ಬ ಎರಡೂ ಕೈಯಲ್ಲಿ ಹಿಡಿದಿರುತ್ತಾನೆ. ತಟ್ಟೆಗೆ ಬೀಳುವ ಮೊದಲ ತುಂಡು ಚಿಕ್ಕ ಮಗುವಿಗೆ, ತಳಕ್ಕೆ ಹತ್ತಿದ ಸೀಕು ಪಾತ್ರೆ ಹಿಡಿದವನಿಗೆ. ದೊಡ್ಡ ಸಂಸ್ಥೆಗಳ ಊಟದ ಹಾಲಿನಲ್ಲಿ ಎಲ್ಲರಿಗೂ ಒಂದೇ ಅಳತೆಯ ಸೌಟು. ಅಲ್ಲಿ ಯಾರ ಹೊಟ್ಟೆ ಇವತ್ತು ಕೆಟ್ಟಿದೆ ಎಂದು ನೋಡುವ ಕಣ್ಣು ಇರುವುದು ಕಷ್ಟ.

ಊಟದ ನಂತರ, ಸೋಂಕಿರುವ ಮಕ್ಕಳಿಗೆ ಔಷಧದ ಹೊತ್ತು. ಕೆಲವು ವರ್ಷಗಳ ಹಿಂದಿನವರೆಗೂ ಸಣ್ಣ ಮಕ್ಕಳಿಗೆ ಕೊಡುತ್ತಿದ್ದ ಸಿರಪ್ಪು ಬಾಯಿಗಿಡಲಾರದಷ್ಟು ಕಹಿ. ಅದನ್ನು ತಂಪಿನಲ್ಲಿ ಇಡಬೇಕಿತ್ತು. ಕರೆಂಟಿಲ್ಲದ ಊರಿಗೆ ಅದು ತಕ್ಕದ್ದಲ್ಲ. ಈಗ ನೀರಿನಲ್ಲಿ ಕರಗುವ, ಸ್ಟ್ರಾಬೆರಿ ರುಚಿಯ ಡೊಲುಟೆಗ್ರಾವಿರ್ ಮಾತ್ರೆ ಇದೆ. 2020ರಲ್ಲಿ ಒಪ್ಪಿಗೆ ಪಡೆದು ಮರುವರ್ಷ ಕೆನ್ಯಾಕ್ಕೂ ಬಂದ ಇದನ್ನು ತಯಾರಿಸುವುದರಲ್ಲಿ ಭಾರತದ ಕಂಪನಿಗಳು ಮುಂದಿವೆ. ಅಕ್ಷರ ಬಾರದ ಅಜ್ಜಿಗೂ ಡಬ್ಬಿಯ ಬಣ್ಣ, ಮಾತ್ರೆಯ ಲೆಕ್ಕ ಬಾಯಿಪಾಠ. ಮತ್ತೆ ಮತ್ತೆ ಹೊತ್ತು ತಪ್ಪಿದರೆ ವೈರಾಣು ಔಷಧಕ್ಕೆ ಒಗ್ಗಿಕೊಳ್ಳಲು ದಾರಿಯಾಗಬಹುದು ಎಂಬ ವೈದ್ಯರ ಮಾತು ಮನೆಮನೆಯಲ್ಲೂ ರೂಢಿಯಾಗಿ ಇಳಿದಿದೆ.

ಪ್ರಾರ್ಥನೆ ಇಲ್ಲದೆ ದಿನ ಮುಗಿಯುವುದಿಲ್ಲ. ಕಾಂಬಾ ಭಾಷೆಯ ಕೀರ್ತನೆ, ಡೋಲು, ತಾಳಕ್ಕೆ ಚಪ್ಪಾಳೆ. ಹೊರಗಿನವರು ಭಕ್ತಿ ಮೇಲಿನಿಂದ ಹೇರಿದ್ದು ಎಂದುಕೊಂಡು ಬರುತ್ತಾರೆ. ಆದರೆ ಆಫ್ರಿಕಾ ಇನ್‌ಲ್ಯಾಂಡ್ ಮಿಷನ್ 1895ರಲ್ಲೇ ಈ ಸೀಮೆಗೆ ಕಾಲಿಟ್ಟಿತ್ತು. ಅಜ್ಜಿಯರಿಗೆ ಚರ್ಚು ತವರಿನಷ್ಟೇ ಹಳೆಯದು. ಮಣ್ಣಿನಲ್ಲಿ ಮಕ್ಕಳನ್ನಿಟ್ಟು ಬಂದವರನ್ನು ಮರುದಿನ ಎಬ್ಬಿಸಿ ಒಲೆ ಹಚ್ಚಿಸುವ ಶಕ್ತಿಯನ್ನು ಅವರು ಅಲ್ಲಿಂದಲೇ ಪಡೆಯುತ್ತಾರೆ. ಮನೆ ನಡೆಸುವವರಿಗೂ ಧರ್ಮದಿಂದ ಸಿಗುವ ಲಾಭ ಕಣ್ಣಿಗೆ ಕಾಣುವಂಥದು: ಸಂಬಳ ಕಡಿಮೆಯಾದರೂ ಹತ್ತಾರು ವರ್ಷ ಒಂದೇ ಕಡೆ ಉಳಿಯುವ ಭಗಿನಿಯರು, ಬರಗಾಲದಲ್ಲಿ ಚೀಲ ಜೋಳ ಹೊತ್ತು ತರುವ ನೆರೆಯ ಸಭೆಗಳು. ಮಂಗಳೂರು, ಕೇರಳದ ಕಡೆಯ ಭಗಿನಿಯರೂ ಪೂರ್ವ ಆಫ್ರಿಕಾದ ಶಾಲೆ ಆಸ್ಪತ್ರೆಗಳಲ್ಲಿ ಹೀಗೆಯೇ ಆಯುಷ್ಯ ಸವೆಸಿದ್ದಾರೆ. ತೊಂದರೆ ಇರುವುದು ಬೇರೆ ಕಡೆ. ಮಗುವಿನ ಮನೆಯ ಧರ್ಮ ಬೇರೆಯಾಗಿದ್ದಾಗ ಊಟದ ತಟ್ಟೆಯೇ ದೀಕ್ಷೆಯ ಸಾಧನವಾಗಬಾರದು. ಕೆನ್ಯಾದ 2022ರ ಮಕ್ಕಳ ಕಾಯ್ದೆ ಮುಸ್ಲಿಂ ಮಕ್ಕಳಿಗೆ ಇಸ್ಲಾಮಿನ ಕಫಾಲಾ ಪದ್ಧತಿಯ ಪೋಷಣೆಯನ್ನು ಗುರುತಿಸಿರುವುದು ಈ ಕಾರಣಕ್ಕೂ ಮುಖ್ಯ.

ಇಂಥ ಮನೆಗಳ ಹಣದ ಮೂಲ ಹೆಚ್ಚಾಗಿ ಕಡಲಾಚೆ. ದಾನಿಗಳಿಗೆ ಕಟ್ಟಡ ಇಷ್ಟ, ಅದರ ಮೇಲೆ ಹೆಸರು ಕೆತ್ತಿಸುವುದು ಇಷ್ಟ, ಫೋಟೊದಲ್ಲಿ ನಗುವ ಮಗು ಇಷ್ಟ. ಪಂಪಿನ ಡೀಸೆಲ್ಲು, ಕಾವಲುಗಾರನ ಸಂಬಳ, ಸಮಾಜಕಾರ್ಯಕರ್ತೆ ಮಗುವಿನ ಸೋದರಮಾವನನ್ನು ಹುಡುಕಿಕೊಂಡು ಹೋಗುವ ಬಸ್ ಖರ್ಚು ಇವು ಯಾರಿಗೂ ಬೇಡ. ಇದರಿಂದ ಹುಟ್ಟುವ ಕೆಡುಕು ಸಣ್ಣದಲ್ಲ. ಮಕ್ಕಳ ತಲೆಗಿಷ್ಟು ಎಂದು ಹಣ ಬರುವ ಕಡೆ ತಲೆ ಕಡಿಮೆಯಾಗುವುದು ನಷ್ಟದ ಬಾಬತ್ತಾಗುತ್ತದೆ. ಮಗುವನ್ನು ಮನೆಗೆ ಕಳಿಸಿದ ಸಂಸ್ಥೆ ಬಡವಾಗುತ್ತದೆ, ಇಟ್ಟುಕೊಂಡದ್ದು ಬೆಳೆಯುತ್ತದೆ. ಎರಡು ವಾರಕ್ಕೆಂದು ಬಂದು ಮಕ್ಕಳನ್ನು ಎತ್ತಿ ಆಡಿಸಿ ಹೋಗುವ ಸ್ವಯಂಸೇವಕರ ಹಿಂಡೂ ಇದರ ಭಾಗ. ಹಚ್ಚಿಕೊಂಡವರು ಮತ್ತೆ ಮತ್ತೆ ಬಿಟ್ಟುಹೋಗುವುದನ್ನು ಆ ಮಕ್ಕಳು ಕಲಿಯಬೇಕಾಗುತ್ತದೆ. ಅನಾಥಾಲಯಗಳಿಗಾಗಿ ಮಕ್ಕಳನ್ನು ಸಾಗಿಸುವುದೂ ಆಧುನಿಕ ಗುಲಾಮಗಿರಿಯ ಒಂದು ಬಗೆ ಎಂಬ ಮಾತು ಆಸ್ಟ್ರೇಲಿಯಾ 2018ರಲ್ಲಿ ಗುಲಾಮಗಿರಿ ವಿರೋಧಿ ಕಾಯ್ದೆ ತರುವಾಗ ಚರ್ಚೆಗೆ ಬಂದದ್ದು, ಮರುವರ್ಷ ವಿಶ್ವಸಂಸ್ಥೆಯ ಮಹಾಸಭೆ ಇಂಥ ಪ್ರವಾಸದ ಕೆಡುಕನ್ನು ಹೆಸರಿಸಿದ್ದು ಸುಮ್ಮನೆ ಅಲ್ಲ.

ಕೆನ್ಯಾದ ನಿಲುವೂ ಬದಲಾಗಿದೆ. 2017ರ ನವೆಂಬರಿನಲ್ಲಿ ಹೊಸ ಮಕ್ಕಳ ಮನೆಗಳ ನೋಂದಣಿ ನಿಂತಿತು. 2022ರಲ್ಲಿ ಹತ್ತು ವರ್ಷದ ರಾಷ್ಟ್ರೀಯ ಯೋಜನೆ ಬಂತು: ಮಕ್ಕಳನ್ನು ಸಂಸ್ಥೆಗಳಿಂದ ಕುಟುಂಬಕ್ಕೆ, ಬಂಧುಗಳಿಗೆ, ಸಾಕುಮನೆಗೆ ಮರಳಿಸಬೇಕು, ಸಂಸ್ಥೆಗಳು ಸಮುದಾಯದ ಸೇವಾಕೇಂದ್ರಗಳಾಗಬೇಕು. ಇದಕ್ಕೆ ಮುನ್ನ 2020ರ ಮಾರ್ಚಿನಲ್ಲಿ ಕೋವಿಡ್ ಬಂದಾಗ ಸರ್ಕಾರ ಮಕ್ಕಳನ್ನು ಮನೆಗೆ ಕಳಿಸಿ ಎಂದಿತ್ತು. ಅನಾಥರೆಂದು ಪಟ್ಟಿಯಲ್ಲಿದ್ದ ಸಾವಿರಾರು ಮಕ್ಕಳಿಗೆ ಹೋಗಲು ಮನೆ ಇತ್ತು. ಬಡತನ, ಶಾಲೆಯ ಖರ್ಚು, ಕಾಯಿಲೆ, ಅಂಗವೈಕಲ್ಯ ಅವರನ್ನು ಅಲ್ಲಿಗೆ ತಂದಿದ್ದವು. ಮನೆ ನಡೆಸುವವರ ಆಕ್ಷೇಪಕ್ಕೂ ತೂಕವಿದೆ. ಮನೆ ಇತ್ತು ನಿಜ, ಆ ಮನೆಯಲ್ಲಿ ಉಪವಾಸವೂ ಇತ್ತು, ಕೆಲವೆಡೆ ಹೊಡೆತವೂ ಇತ್ತು. ತಯಾರಿ ಇಲ್ಲದೆ ಕಳಿಸಿದ ಮಗು ಮತ್ತೆ ಬೀದಿಗೆ ಬೀಳಬಹುದು. ನ್ಯುಂಬಾನಿ ಗ್ರಾಮದಂಥ ಕಡೆಯೂ ಮಕ್ಕಳು ಹುಟ್ಟಿದೂರಿನಿಂದ ದೂರವೇ ಬೆಳೆಯುತ್ತಾರೆ.

ದೂರದ ಬೆಲೆ ತಿಳಿಯುವುದು ಹದಿನೆಂಟು ತುಂಬಿದಾಗ. ಗುರುತಿನ ಚೀಟಿಗೆ ಜನನ ಪತ್ರ ಬೇಕು, ಹೆತ್ತವರ ದಾಖಲೆ ಬೇಕು, ಈ ಹುಡುಗ ನಮ್ಮೂರಿನವನು ಎಂದು ಸ್ಥಳೀಯ ಚೀಫ್ ಹೇಳಬೇಕು. ಚೀಟಿ ಇಲ್ಲದೆ ಮೊಬೈಲ್ ಸಿಮ್ ಇಲ್ಲ, ಬ್ಯಾಂಕಿಲ್ಲ, ಕೆಲಸವಿಲ್ಲ. ಕಾಂಬಾ ಸೀಮೆಯಲ್ಲಿ ಭೂಮಿ ತಂದೆಯ ಕುಲದಲ್ಲಿ ಇಳಿಯುತ್ತದೆ. ಹತ್ತು ವರ್ಷ ಊರಿಗೆ ಕಾಲಿಡದ ಹುಡುಗ ಬಂದು ಪಾಲು ಕೇಳಿದರೆ ಚಿಕ್ಕಪ್ಪ ಗುರುತು ಹಿಡಿಯದಿರುವುದು ಸಹಜ. ಅಪ್ಪನ ಸಮಾಧಿ ಎಲ್ಲಿದೆ, ಬೇಲಿ ಎಲ್ಲಿತ್ತು ಎಂದು ತೋರಿಸಲು ಅಜ್ಜಿ ಜೊತೆಗಿದ್ದರೆ ಮಾತೇ ಬೇರೆ. ಪ್ರತಿ ರಜೆಯಲ್ಲೂ ಮಗುವನ್ನು ಊರಿಗೆ ಕಳಿಸುವ, ಜನನ ಪತ್ರವನ್ನು ಮೊದಲ ವರ್ಷವೇ ಮಾಡಿಸುವ ಮನೆಗಳು ಈ ಕಷ್ಟವನ್ನು ಬಹಳಷ್ಟು ತಪ್ಪಿಸುತ್ತವೆ.

ಮಗುವನ್ನು ಊರಿನಿಂದ ದೂರವಿಟ್ಟು ಬೆಳೆಸಬೇಕೇ ಎಂಬ ಪ್ರಶ್ನೆ ಕಿಟುಯಿಯಿಂದ ಮರಳಿದವರನ್ನು ಕರ್ನಾಟಕದಲ್ಲೂ ಕಾಡುತ್ತದೆ. ಧರ್ಮದ ಹೆಸರಿನಲ್ಲಿ ಅನ್ನ, ಅಕ್ಷರ ಕೊಡುವುದು ಕನ್ನಡನಾಡಿಗೆ ಹೊಸದಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಉಚಿತವಾಗಿ ಉಂಡು ಓದುತ್ತಾರೆ. ಆದರೆ ಅಲ್ಲಿಗೆ ಮಗುವನ್ನು ಬಿಟ್ಟುಬರುವವರು ಹೆತ್ತವರೇ; ಬೇಸಿಗೆ ರಜೆಗೆ ಮಗು ತನ್ನೂರಿಗೇ ಬರುತ್ತದೆ; ಯಾರೂ ಅದನ್ನು ಅನಾಥ ಎನ್ನುವುದಿಲ್ಲ. ಭಾರತದ 2015ರ ಬಾಲನ್ಯಾಯ ಕಾಯ್ದೆಯೂ ಸಂಸ್ಥೆಯನ್ನು ಕೊನೆಯ ಆಸರೆ ಎಂದೇ ಹೇಳುತ್ತದೆ.

ಮಕ್ಕಳ ಮನೆಯ ಯೋಗ್ಯತೆಯನ್ನು ಅದರ ಕಟ್ಟಡದಿಂದಲೋ ಪ್ರಾರ್ಥನೆಯ ಇಂಪಿನಿಂದಲೋ ಅಳೆಯಲಾಗದು. ಒಳಗೆ ಬಂದ ಮಕ್ಕಳ ಲೆಕ್ಕಕ್ಕಿಂತ ಮರಳಿ ಹೋದ ಮಕ್ಕಳ ಲೆಕ್ಕ ಇಡುವ ಮನೆ ಒಳ್ಳೆಯದು. ಆಫ್ರಿಕಾದ್ದಿರಲಿ, ಅಕ್ಕಪಕ್ಕದ ಊರಿನದಿರಲಿ, ಮಕ್ಕಳ ಮನೆಗೆ ಕೊಡಲು ಮನಸ್ಸುಳ್ಳವರು ಚೆಕ್ ಬರೆಯುವ ಮುಂಚೆ ಮೂರು ಪ್ರಶ್ನೆ ಕೇಳಬೇಕು: ಇಲ್ಲಿರುವ ಮಕ್ಕಳಲ್ಲಿ ಎಷ್ಟು ಮಂದಿಗೆ ಬದುಕಿರುವ ಬಂಧುಗಳಿದ್ದಾರೆ? ಕಳೆದ ವರ್ಷ ಎಷ್ಟು ಮಂದಿ ಅವರ ಬಳಿಗೆ ಹೋದರು? ಹೋದವರನ್ನು ನೋಡಿಬರಲು ಯಾರನ್ನು ಕಳಿಸುತ್ತೀರಿ? ಮೂರಕ್ಕೂ ಉತ್ತರ ಸಿಕ್ಕಿದ ಕಡೆ ಹಣ ಕೊಡಿ. ಅದರಲ್ಲೂ ಆ ಬಸ್ ಖರ್ಚಿಗೆ ಕೊಡಿ.